ಹುಣ್ಣಿಮೆ ಬಲ್ಲ ಮಕ್ಕಳಿಗೆ ಚಂದ್ರನ ಪಾಠ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕುಗಳ ಯಾವ ಹಳ್ಳಿಯಲ್ಲಿಯೇ ಆಗಲಿ ಹುಟ್ಟಿ ಬೆಳೆಯುವ ಮಗುವು, ಶಾಲೆಯ ಹೊಸ್ತಿಲನ್ನು ತುಳಿಯುವುದಕ್ಕೆ ಮುನ್ನವೇ, ತನಗರಿವಿಲ್ಲದಂತೆ ಚಂದ್ರನ ಲೆಕ್ಕದಲ್ಲಿ ಬದುಕುವುದನ್ನು ಕಲಿತಿರುತ್ತದೆ. ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಊರ ಅಗಸಿಯಲ್ಲಿ ಕರಿ ಹರಿಯುವುದು ಕಾರಹುಣ್ಣಿಮೆಯ ಸಡಗರ. ಅದು ಕಳೆದು ಒಂದು ಪಕ್ಷಕ್ಕೆ ಎರೆಮಣ್ಣಿನ ಎತ್ತುಗಳು ಮನೆಯ ಮಾಡದಲ್ಲಿ ಕುಳಿತು ಪೂಜೆಗೊಳ್ಳುವುದು ಮಣ್ಣೆತ್ತಿನ ಅಮಾವಾಸ್ಯೆಯಂದು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಶೀಗೀಹುಣ್ಣಿಮೆಗೆ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗೀಹುಣ್ಣಿಮೆ, ಗೌರೀಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭರತ ಹುಣ್ಣಿಮೆ, ಹೋಳಿಹುಣ್ಣಿಮೆ ಎಂದು ವರ್ಷದ ಹನ್ನೆರಡು ಹುಣ್ಣಿಮೆಗಳನ್ನೂ ಒಂದೇ ಉಸಿರಿನಲ್ಲಿ ಎಣಿಸಬಲ್ಲ ಅಜ್ಜಿಯರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಮೊಮ್ಮಕ್ಕಳು ಆ ಹೆಸರುಗಳಲ್ಲಿ ಅರ್ಧವನ್ನಾದರೂ ಬಲ್ಲರು.

ಜಾತ್ರೆಗಳೂ ಈ ಲೆಕ್ಕಕ್ಕೆ ಕಟ್ಟುಬಿದ್ದಂಥವೇ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಜನಸಾಗರವು ಹರಿದುಬರುವುದು ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ, ದವನದ ಹುಣ್ಣಿಮೆಗೆ. ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ವೀರಭದ್ರದೇವರ ತೇರು ಸಾಗುವುದು ಹೊಸ್ತಿಲ ಹುಣ್ಣಿಮೆಯ ಕಾಲಕ್ಕೆ. ಸಿರಸಂಗಿಯ ಕಾಳಮ್ಮನ ಜಾತ್ರೆಯಾದರೋ ಯುಗಾದಿಯ ಅಮಾವಾಸ್ಯೆಯ ಸಂದಿಗೆ ಕೂಡಿಬರುವಂಥದು. ಗುಡ್ಡದ ಜಾತ್ರೆಗಳು ಹುಣ್ಣಿಮೆಯ ಸುತ್ತ ನೆಲೆಗೊಂಡುದಕ್ಕೆ ಧಾರ್ಮಿಕ ಕಾರಣಗಳು ಎಷ್ಟೇ ಇರಲಿ, ದಾರಿಯಲ್ಲಿ ದೀಪವಿಲ್ಲದ ಕಾಲದಲ್ಲಿ ರಾತ್ರಿಯೆಲ್ಲ ಚಕ್ಕಡಿ ಹೊಡೆದುಕೊಂಡು ಬರುವ ಒಕ್ಕಲಿಗನಿಗೆ ಅದೊಂದು ದೊಡ್ಡ ಅನುಕೂಲವಾಗಿತ್ತೆಂಬುದನ್ನು ಒಪ್ಪಲೇಬೇಕು. ಶುಕ್ಲಪಕ್ಷದ ಕೊನೆಯ ದಿನಗಳಲ್ಲಿ ಹೊತ್ತು ಮುಳುಗುವುದರೊಳಗಾಗಿಯೇ ಚಂದ್ರನು ಆಕಾಶದಲ್ಲಿ ಮೇಲೇರಿರುತ್ತಾನೆ. ಹೋಗುವ ದಾರಿಗೆ ಸಂಜೆಯಿಂದಲೇ ಬೆಳಕು. ಜಾತ್ರೆ ಮುಗಿಸಿ ಹಿಂದಿರುಗುವಾಗ ಮಾತ್ರ ಮುಸ್ಸಂಜೆಯ ಕತ್ತಲನ್ನು ಒಂದೆರಡು ತಾಸು ಸಹಿಸಿಕೊಂಡು ಚಂದ್ರೋದಯಕ್ಕಾಗಿ ಕಾಯಬೇಕು. ಎತ್ತಿನ ಬೆನ್ನ ಹಿಂದೆ ಕುಳಿತು ಈ ವ್ಯತ್ಯಾಸವನ್ನು ಕಂಡ ಹುಡುಗನಿಗೆ ಚಂದ್ರನ ಪಾಠದ ಅರ್ಧಭಾಗವು ಆಗಲೇ ಮುಗಿದಿರುತ್ತಿತ್ತು.

ಇಂಥ ನಾಡಿನ ಮಗುವನ್ನು ಶಾಲೆಯಲ್ಲಿ ಕೂಡಿಸಿ, ಚಂದ್ರನ ಕಲೆಗಳು ಉಂಟಾಗುವುದು ಹೇಗೆಂದು ಕೇಳಿದರೆ ಬರುವ ಉತ್ತರವು ಮನಸ್ಸಿಗೆ ಖೇದವನ್ನುಂಟುಮಾಡುವಂಥದು. ಹತ್ತರಲ್ಲಿ ಬಹುಪಾಲು ಮಕ್ಕಳು, ಅವರೊಡನೆ ಅನೇಕ ಹಿರಿಯರೂ, ‘ಭೂಮಿಯ ನೆರಳು ಬೀಳುವುದರಿಂದ’ ಎಂದು ನಿಸ್ಸಂದೇಹವಾಗಿ ಹೇಳಿಬಿಡುತ್ತಾರೆ. ಇದು ಈ ಸೀಮೆಯೊಂದರ ದೋಷವೇನೂ ಅಲ್ಲ. ದೇಶದೇಶಗಳ ಮಕ್ಕಳಲ್ಲಿಯೂ ಉಪಾಧ್ಯಾಯರಲ್ಲಿಯೂ ಬೇರೂರಿರುವ ಭ್ರಾಂತಿ. ಗ್ರಹಣದ ಪಾಠವನ್ನೂ ಕಲೆಗಳ ಪಾಠವನ್ನೂ ಒಂದೇ ಅಧ್ಯಾಯದಲ್ಲಿ ಒಂದರ ಬೆನ್ನಿಗೊಂದನ್ನು ಹೇಳುವುದು ಇದಕ್ಕೆ ಒಂದು ಕಾರಣ. ಪುಸ್ತಕದ ಚಿತ್ರವು ಮತ್ತೊಂದು. ನಡುವೆ ಭೂಮಿ, ಸುತ್ತಲೂ ಎಂಟು ಚಂದ್ರರು, ಒಂದು ಪಕ್ಕದಿಂದ ಸೂರ್ಯಕಿರಣಗಳ ಬಾಣಗಳು: ಈ ಚಿತ್ರದಲ್ಲಿ ಒಳಗಿನ ವರ್ತುಲವು ಭೂಮಿಯನ್ನು ಬಿಟ್ಟು ದೂರದ ಆಕಾಶದಿಂದ ನೋಡಿದವನ ನೋಟ, ಹೊರಗಿನ ವರ್ತುಲವು ಭೂಮಿಯ ಮೇಲೆಯೇ ನಿಂತವನ ನೋಟ. ಎರಡು ಬೇರೆ ಬೇರೆ ನೆಲೆಗಳಿಂದ ಕಂಡುದನ್ನು ಒಂದೇ ಹಾಳೆಯ ಮೇಲೆ ಮುದ್ರಿಸಿರುವರೆಂಬ ಮಾತನ್ನು ಯಾರೂ ಹೇಳದ ಕಾರಣ, ಮಗುವು ಆ ಎಂಟು ಬಿಂಬಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಬರೆಯುತ್ತದೆ. ಅದೇ ರಾತ್ರಿ ಅಂಗಳದಲ್ಲಿ ನಿಂತಿರುವ ಚಂದ್ರನಿಗೂ ಆ ಚಿತ್ರಕ್ಕೂ ಯಾವ ನಂಟೂ ಉಳಿಯುವುದಿಲ್ಲ.

ಆದುದರಿಂದ ಪಾಠವು ಪುಸ್ತಕದಿಂದ ತೊಡಗದೆ ಗೋಡೆಯ ಮೇಲಿನ ಕ್ಯಾಲೆಂಡರಿನಿಂದಲೂ ಮನೆಯ ಅಂಗಳದಿಂದಲೂ ತೊಡಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಳದ ಪಾಠಕ್ಕೆ ಚೌತಿಗಿಂತ ಉತ್ತಮವಾದ ತಿಥಿ ಬೇರೊಂದಿಲ್ಲ. ಭಾದ್ರಪದ ಶುದ್ಧ ಚೌತಿಯಂದು, ಗಣಪತಿಯನ್ನು ಕೂಡಿಸಿದ ಸಂಜೆ, ಚಂದ್ರನನ್ನು ನೋಡಬಾರದೆಂದು ಮಕ್ಕಳಿಗೆ ಎಚ್ಚರಿಕೆ ಹೇಳುತ್ತಾರೆ. ನೋಡಿದರೆ ಅಪವಾದ ತಪ್ಪದೆಂಬ ಶಮಂತಕಮಣಿಯ ಕಥೆಯೂ ಅದರೊಂದಿಗೆ ಬರುತ್ತದೆ. ಪ್ರತಿ ತಿಂಗಳೂ ಬರುವ ಮತ್ತೊಂದು ಚೌತಿಯಂದು, ಎಂದರೆ ಸಂಕಷ್ಟಿಯ ದಿನ, ಅದೇ ಮನೆಯ ತಾಯಿ ದಿನವೆಲ್ಲ ಉಪವಾಸವಿದ್ದು, ಚಂದ್ರನನ್ನು ನೋಡದ ಹೊರತು ತುತ್ತನ್ನು ಬಾಯಿಗಿಡಳು.

“ಅವ್ವಾ, ಹಸಿವಾಗೇತಿ, ಚಂದಪ್ಪ ಇನ್ನೂ ಯಾಕ ಬಂದಿಲ್ಲ?”

“ತಡೀಯೋ ತಮ್ಮಾ, ಇವತ್ತ ಒಂಬತ್ತೂವರಿಗಿ ಬರ್ತಾನ. ಕ್ಯಾಲೆಂಡರ ನೋಡ ಹೋಗು.”

ಈ ಎರಡು ಮಾತುಗಳಲ್ಲಿ ಅಡಗಿರುವಷ್ಟು ಖಗೋಳಶಾಸ್ತ್ರವು ಎಷ್ಟೋ ಪಾಠಗಳಲ್ಲಿ ಇರುವುದಿಲ್ಲ. ಗಣೇಶಚೌತಿಯ ಚಂದ್ರನು ಕೃಶನಾದ ಎಳೆಯ ಚಂದ್ರ. ಸಂಜೆಗೆ ಪಶ್ಚಿಮದ ಆಕಾಶದಲ್ಲಿ ಕಾಣಿಸಿಕೊಂಡು ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಮುಳುಗಿಬಿಡುವವನು. ಸಂಕಷ್ಟಿಯ ಚಂದ್ರನು ಅಂಚು ಕರಗತೊಡಗಿದ ದುಂಡುಚಂದ್ರ. ಪೂರ್ವದಲ್ಲಿ, ಋತುವಿಗೆ ತಕ್ಕಂತೆ ಎಂಟೂವರೆಯಿಂದ ಹತ್ತರೊಳಗೆ ಎಂದಾದರೊಂದು ವೇಳೆಗೆ ಮೂಡುವವನು. ಎರಡೂ ಚೌತಿಯೇ, ಆದರೂ ರೂಪ, ದಿಕ್ಕು, ವೇಳೆ ಮೂರೂ ಬೇರೆ. ಹಾಗೇಕೆಂಬ ಪ್ರಶ್ನೆಯನ್ನು ಉಪಾಧ್ಯಾಯನು ಕೇಳಿ ಸುಮ್ಮನಾದರೆ ಸಾಕು, ತರಗತಿಯು ತಾನಾಗಿಯೇ ಯೋಚಿಸತೊಡಗುತ್ತದೆ. ಚಂದ್ರನ ಆಕಾರವೂ ಅವನು ಹುಟ್ಟುವ ಮುಳುಗುವ ವೇಳೆಯೂ ಒಂದಕ್ಕೊಂದು ಗಂಟುಹಾಕಿಕೊಂಡಿವೆಯೆಂಬುದು, ಎಳೆಯ ಚಂದ್ರನನ್ನು ನಡುರಾತ್ರಿಯ ನೆತ್ತಿಯ ಮೇಲೆ ಎಂದೂ ಕಾಣಲಾಗದೆಂಬುದು, ಈ ವಿಷಯದ ಹೃದಯಸ್ಥಾನ. ಅದನ್ನು ಬಿಟ್ಟು ಬರಿಯ ಆಕಾರಗಳನ್ನು ಕಲಿಸುವುದು ವ್ಯರ್ಥ.

ಪ್ರತಿದಿನವೂ ಚಂದ್ರೋದಯವು ಸರಾಸರಿ 50 ನಿಮಿಷಗಳಷ್ಟು ತಡವಾಗುತ್ತ ಹೋಗುತ್ತದೆ. ಹುಣ್ಣಿಮೆಯಂದು ಸೂರ್ಯನು ಮುಳುಗುವ ಹೊತ್ತಿಗೆ ಎದುರು ದಿಕ್ಕಿನಲ್ಲಿ ಮೂಡಿದವನು ಸಂಕಷ್ಟಿಯ ವೇಳೆಗೆ ಮೂರು ತಾಸಿನಷ್ಟು ಹಿಂದೆ ಬೀಳುತ್ತಾನೆ. ಬಹುಳ ಅಷ್ಟಮಿಯ ವೇಳೆಗೆ ಅವನ ಉದಯವು ನಡುರಾತ್ರಿಯನ್ನು ಮುಟ್ಟುತ್ತದೆ. ಗೋಕುಲಾಷ್ಟಮಿಯ ಪೂಜೆಯು ನಡುರಾತ್ರಿಯಲ್ಲಿ ನಡೆಯುವುದೂ, ಅದೇ ವೇಳೆಗೆ ಮೂಡುವ ಅರ್ಧಚಂದ್ರನಿಗೆ ಅರ್ಘ್ಯ ಕೊಡುವುದೂ ಈ ಕ್ರಮಕ್ಕೆ ಸರಿಯಾಗಿಯೇ ಕೂಡಿವೆ. ಮುಂದೆ ಶಿವರಾತ್ರಿಯ ಬಹುಳ ಚತುರ್ದಶಿಗೆ ಬಂದರೆ, ಜಾಗರಣೆ ಮುಗಿಸಿದವರಿಗೆ ಬೆಳಗಿನ ಜಾವದ ಪೂರ್ವದಲ್ಲಿ ಸೂರ್ಯನಿಗಿಂತ ಸ್ವಲ್ಪವೇ ಮುಂಚೆ ಹುಟ್ಟುವ ನವಿರಾದ ರೇಖೆಯಷ್ಟೇ ದೊರೆಯುತ್ತದೆ. ಹಬ್ಬಗಳ ಈ ಸರಣಿಯನ್ನು ಹಿಡಿದುಕೊಂಡು ಹೋದರೆ ಕಲೆಗಳ ಕ್ರಮವು ಮಗುವಿನ ನೆನಪಿನಲ್ಲಿ ತಾನಾಗಿ ನಿಲ್ಲುವುದು. ಸಂಜೆಯ ಪಶ್ಚಿಮದಲ್ಲಿ ರಂಜಾನಿನ ಚಂದ್ರನಿಗಾಗಿ ಮಾಳಿಗೆ ಏರಿ ನಿಲ್ಲುವ ನೆರೆಮನೆಯ ಗೆಳೆಯನೂ ಈ ಪಾಠದಲ್ಲಿ ಸಹಪಾಠಿಯೇ. ತಿಂಗಳಿಗೆ 29 ದಿನವೋ 30 ದಿನವೋ ಎಂಬುದನ್ನು ಕಣ್ಣಿನಿಂದಲೇ ನಿರ್ಧರಿಸುವ ಆ ಸಂಪ್ರದಾಯವು ಶುದ್ಧವಾದ ಖಗೋಳವೀಕ್ಷಣೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ತಿಂಗಳಿಗೆ 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನಗಳ ಕೊರತೆ ಬೀಳುವುದರಿಂದಲೇ ಮೊಹರಮ್ಮಿನ ಅಲಾವಿ ಒಮ್ಮೆ ಮಳೆಯಲ್ಲಿ, ಒಮ್ಮೆ ಚಳಿಯಲ್ಲಿ ಬರುವುದು. ಅದೇ ಕೊರತೆಯನ್ನು ತುಂಬುವುದಕ್ಕಾಗಿಯೇ ನಮ್ಮ ಪಂಚಾಂಗದಲ್ಲಿ ಮೂರು ವರ್ಷಗಳಿಗೊಮ್ಮೆ ಎಂಬಂತೆ ಅಧಿಕಮಾಸವು ಸೇರುವುದು. 2023ರಲ್ಲಿ ಶ್ರಾವಣವು ಎರಡಾದುದು ಹೀಗೆಯೇ.

ಇನ್ನು ಕಾರಣದ ವಿಚಾರ. ಇದಕ್ಕೆ ದೂರದರ್ಶಕವೂ ಬೇಡ, ಕತ್ತಲ ಕೋಣೆಯೂ ಬೇಡ. ಬಹುಳ ಅಷ್ಟಮಿಯ ಆಸುಪಾಸಿನ ಒಂದು ನಿರಭ್ರವಾದ ಬೆಳಗು ಸಾಕು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಹೊತ್ತಿಗೆ ಸೂರ್ಯನು ಪೂರ್ವದಲ್ಲಿ ಮೇಲೇರಿರುತ್ತಾನೆ. ಪಶ್ಚಿಮದ ಆಕಾಶದಲ್ಲಿ ಬಿಳಿಚಿಕೊಂಡ ಅರ್ಧಚಂದ್ರನು ಇನ್ನೂ ಇಳಿಯುತ್ತಿರುತ್ತಾನೆ. ಹಗಲಿನಲ್ಲಿ ಚಂದ್ರನಿರುವನೆಂಬುದೇ ಅನೇಕ ಮಕ್ಕಳಿಗೆ ಆಶ್ಚರ್ಯ. ಮಣ್ಣೆತ್ತು ಮಾಡುವ ಜಿಗುಟಾದ ಎರೆಮಣ್ಣಿನಿಂದಲೇ ಲಿಂಬೆಯ ಗಾತ್ರದ ಉಂಡೆಗಳನ್ನು ಮಾಡಿ ಒಣಗಿಸಿ, ಮೇಲೆ ಸುಣ್ಣ ಬಳಿದು ಇಟ್ಟುಕೊಂಡಿದ್ದರೆ, ಒಬ್ಬೊಬ್ಬ ಮಗುವಿನ ಕೈಗೂ ಒಂದೊಂದನ್ನು ಕೊಟ್ಟು, ತೋಳನ್ನು ಚಾಚಿ ಉಂಡೆಯನ್ನು ಚಂದ್ರನ ಪಕ್ಕದಲ್ಲಿಯೇ ಹಿಡಿದು ನೋಡಲು ಹೇಳಬೇಕು. ಆಗ ಕಾಣುವುದನ್ನು ವರ್ಣಿಸುವುದಕ್ಕಿಂತ ಕಣ್ಣಾರೆ ಕಾಣುವುದೇ ಲೇಸು. ಉಂಡೆಯ ಯಾವ ಪಾರ್ಶ್ವವು ಎಷ್ಟು ಬೆಳಗಿದೆಯೋ ಚಂದ್ರನ ಅದೇ ಪಾರ್ಶ್ವವು ಅಷ್ಟೇ ಬೆಳಗಿರುತ್ತದೆ. ಬೆಳಕು ನೆರಳುಗಳ ಗೆರೆಯೂ ಎರಡರಲ್ಲಿಯೂ ಒಂದೇ ಓರೆಯಾಗಿ ನಿಂತಿರುತ್ತದೆ. ಅಂಗೈಯಲ್ಲಿರುವ ಮಣ್ಣುಂಡೆಗೂ ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರಿನಾಚೆಯ ಚಂದ್ರನಿಗೂ ಬೆಳಕು ಕೊಟ್ಟವನು ಒಬ್ಬನೇ ಸೂರ್ಯನೆಂಬುದೂ, ಚಂದ್ರನು ತಟ್ಟೆಯಲ್ಲದೆ ಗೋಲವೆಂಬುದೂ, ಆ ಒಂದು ಕ್ಷಣದಲ್ಲಿ ಮಗುವಿಗೆ ಹೊಳೆಯುತ್ತದೆ. ಭೂಮಿಯ ನೆರಳೆಲ್ಲಿದೆಯೆಂದು ಆಗಲೇ ಕೇಳಬೇಕು. ಸೂರ್ಯನು ಪೂರ್ವದಲ್ಲಿ ಎತ್ತರಕ್ಕೆ ಬಂದಿರುವಾಗ ಭೂಮಿಯ ನೆರಳು ನಮ್ಮ ಕಾಲಿನ ಕೆಳಗಡೆ, ಆಚೆಯ ಬದಿಗೆ ಚಾಚಿರಲೇಬೇಕು. ಚಂದ್ರನೋ ನಮ್ಮೆದುರಿನ ಆಕಾಶದಲ್ಲಿದ್ದಾನೆ. ನೆರಳಿನ ಸಿದ್ಧಾಂತವು ಅಲ್ಲಿಗೆ ತಾನಾಗಿಯೇ ಬಿದ್ದುಹೋಗುವುದು.

ಈ ಉಪಾಯದ ಬೀಜವು ನಮಗೆ ಪರಕೀಯವೇನೂ ಅಲ್ಲ. ಕ್ರಿ.ಶ. 499ರ ಕಾಲಕ್ಕೆ ಸಂಬಂಧಿಸಿದ ‘ಆರ್ಯಭಟೀಯ’ದಲ್ಲಿಯೇ, ಭೂಮಿಯೂ ಗ್ರಹಗಳೂ ಸೂರ್ಯನಿಗೆ ಅಭಿಮುಖವಾದ ಅರ್ಧದಲ್ಲಿ ಬೆಳಗಿ, ಉಳಿದರ್ಧದಲ್ಲಿ ತಮ್ಮದೇ ನೆರಳಿನಿಂದ ಕಪ್ಪಾಗಿರುವವೆಂಬ ತತ್ತ್ವವು ಬಂದಿದೆ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಚಂದ್ರನನ್ನು ಬಿಸಿಲಿನಲ್ಲಿಟ್ಟ ಕೊಡಕ್ಕೆ ಹೋಲಿಸಿದನು. ಸೂರ್ಯನ ಕಡೆಯ ಮೈ ಬೆಳಕು, ಆಚೆಯ ಮೈ ತನ್ನದೇ ನೆರಳು. ಸಾವಿರದ ನಾನೂರು ವರ್ಷಗಳಿಗೂ ಹಿಂದೆ ನಮ್ಮ ದೇಶದ ಜ್ಯೋತಿಷಿಗಳು ಇಷ್ಟು ಸ್ವಚ್ಛವಾಗಿ ತಿಳಿದಿದ್ದ ಸಂಗತಿಯನ್ನು ಇಂದಿನ ಮಕ್ಕಳು ತಪ್ಪಾಗಿ ಹೇಳುವಂತಾಗಿರುವುದು ಮಕ್ಕಳ ಬುದ್ಧಿಯ ಕೊರತೆಯಿಂದಲ್ಲ. ಕೊಡವನ್ನು ಬಿಸಿಲಿಗಿಟ್ಟು ನೋಡುವ ಅವಕಾಶವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಹಗಲಿನ ಪ್ರಯೋಗವು ಮನದಟ್ಟಾದ ಬಳಿಕ ಕತ್ತಲ ಕೋಣೆಗೆ ಹೋಗಬಹುದು. ಒಂದು ಕಂದೀಲನ್ನೋ ಬಲ್ಬನ್ನೋ ಎತ್ತರದಲ್ಲಿ ಉರಿಸಿಟ್ಟು, ಮಗುವು ಅದೇ ಸುಣ್ಣದ ಉಂಡೆಯನ್ನು ತಲೆಗಿಂತ ಸ್ವಲ್ಪ ಮೇಲಕ್ಕೆ ತೋಳು ಚಾಚಿ ಹಿಡಿದು, ನಿಂತಲ್ಲಿಯೇ ನಿಧಾನವಾಗಿ ಎಡಗಡೆಗೆ ತಿರುಗಬೇಕು. ದೀಪದ ಕಡೆಗೆ ಮುಖವಿದ್ದಾಗ ಉಂಡೆಯ ಕಪ್ಪು ಮೈ ಕಂಡು ಅಮಾವಾಸ್ಯೆ, ಸ್ವಲ್ಪ ತಿರುಗಿದೊಡನೆ ಬಲದಂಚಿಗೆ ಬಿದಿಗೆಯ ಗೆರೆ, ಕಾಲುಸುತ್ತಿಗೆ ಅಷ್ಟಮಿ, ದೀಪಕ್ಕೆ ಬೆನ್ನಾದಾಗ ಹುಣ್ಣಿಮೆ, ಮುಂದೆ ಬೆಳಕು ಎಡದಂಚಿಗೆ ಸರಿಯುತ್ತ ಮತ್ತೆ ಅಮಾವಾಸ್ಯೆ. ಇಲ್ಲಿ ಭೂಮಿಯೆಂದರೆ ಮಗುವಿನ ತಲೆಯೇ ಆಗಿರುವುದರಿಂದ, ಪುಸ್ತಕದ ಚಿತ್ರದಲ್ಲಿ ಗೋಜಲಾಗಿದ್ದ ಎರಡು ನೋಟಗಳು ಬೇರೆಯಾಗಿ ನಿಲ್ಲುತ್ತವೆ. ಗೆಳೆಯನು ದೂರದಲ್ಲಿ ನಿಂತು ನೋಡಿದರೆ ಉಂಡೆಯು ಯಾವಾಗಲೂ ಅರ್ಧ ಬೆಳಗಿದ್ದೇ ಇದೆಯೆಂದು ಸಾಕ್ಷಿ ನುಡಿಯಬಲ್ಲನು. ಉಪಾಧ್ಯಾಯರು ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು: ತಿರುಗುವ ಕೆಲಸವನ್ನು ತಾವು ಮೇಜಿನ ಮೇಲೆ ಮಾಡಿ ತೋರಿಸಿದರೆ ಪ್ರಯೋಜನವಿಲ್ಲ. ಉಂಡೆ ಮಗುವಿನ ಕೈಯಲ್ಲಿಯೇ ಇರತಕ್ಕದ್ದು.

ಹಾಗಾದರೆ ಪ್ರತಿ ಹುಣ್ಣಿಮೆಯಲ್ಲಿಯೂ ಗ್ರಹಣವೇಕಿಲ್ಲವೆಂದು ಚುರುಕಾದ ಮಗುವೊಂದು ಕೇಳಿಯೇ ಕೇಳುತ್ತದೆ. ಕೇಳದಿದ್ದರೆ ಕೇಳುವಂತೆ ಮಾಡಬೇಕು. ಇದಕ್ಕೆ ಹನ್ನೆರಡು ಸೆಂಟಿಮೀಟರಿನಷ್ಟು ಅಡ್ಡಳತೆಯ ಸುಲಿದ ತೆಂಗಿನಕಾಯಿಯನ್ನು ಭೂಮಿಯೆಂದಿಟ್ಟುಕೊಂಡರೆ, ಮೂರು ಸೆಂಟಿಮೀಟರಿಗೆ ಸ್ವಲ್ಪ ಮೇಲ್ಪಟ್ಟ ನಮ್ಮ ಉಂಡೆಯು ಚಂದ್ರನಾಗುವುದು. ಭೂಮಿಯ ವ್ಯಾಸವು 12,742 ಕಿಲೋಮೀಟರ್, ಚಂದ್ರನದು 3,474. ಅವೆರಡರ ನಡುವಿನ ಸರಾಸರಿ ದೂರವು ಭೂಮಿಯ ವ್ಯಾಸದ ಮೂವತ್ತರಷ್ಟು. ಎಂದಮೇಲೆ ಉಂಡೆಯನ್ನು ಕಾಯಿಯಿಂದ ಹನ್ನೆರಡು ಅಡಿ ದೂರದಲ್ಲಿಡಬೇಕು. ಪುಸ್ತಕದ ಚಿತ್ರದಲ್ಲಿ ಒಂದು ಗೇಣಿನೊಳಗೆ ಇಡುಕಿರಿದ ಭೂಮಿ ಚಂದ್ರರನ್ನು ಕಂಡ ಕಣ್ಣಿಗೆ ಈ ದೂರವು ನಂಬಲಾಗದಷ್ಟು ಹೆಚ್ಚು. ಚಂದ್ರನ ದಾರಿಯು ಸೂರ್ಯನ ದಾರಿಗೆ ಐದು ಅಂಶಗಳಷ್ಟು ಓರೆಯಾಗಿರುವುದರಿಂದ, ಹನ್ನೆರಡು ಅಡಿಯಾಚೆಯ ಉಂಡೆಯು ಒಂದು ಸುತ್ತಿನಲ್ಲಿ ಒಂದಡಿಯಷ್ಟು ಮೇಲಕ್ಕೂ ಒಂದಡಿಯಷ್ಟು ಕೆಳಕ್ಕೂ ಹೋಗಿಬರಬೇಕು. ತೆಂಗಿನಕಾಯಿಯ ನೆರಳಾದರೋ ಕಾಯಿಯ ಅಗಲಕ್ಕಿಂತಲೂ ಕಿರಿದು. ಬಹುತೇಕ ಹುಣ್ಣಿಮೆಗಳಲ್ಲಿ ಉಂಡೆಯು ಆ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿಹೋಗುವುದು. ಎರಡು ದಾರಿಗಳೂ ಕೂಡುವ ಎಡೆಯಲ್ಲಿಯೇ ಹುಣ್ಣಿಮೆಯು ಬಿದ್ದಾಗ ಚಂದ್ರಗ್ರಹಣ, ಅಮಾವಾಸ್ಯೆ ಬಿದ್ದಾಗ ಸೂರ್ಯಗ್ರಹಣ. ಪುರಾಣವು ರಾಹುಕೇತುಗಳೆಂದು ಹೆಸರಿಟ್ಟಿರುವುದು ಈ ಎರಡು ಸಂಧಿಬಿಂದುಗಳಿಗೇ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಮೇಲೆ ಹಾದುಹೋದುದು ಶಿವರಾತ್ರಿಯ ಅಮಾವಾಸ್ಯೆಯಂದು. 2019ರ ಡಿಸೆಂಬರ್ 26ರ ಕಂಕಣಗ್ರಹಣವು ಕಾಸರಗೋಡಿನ ಸೀಮೆಯಲ್ಲಿ ಪೂರ್ಣವಾಗಿ ಕಂಡುದು ಎಳ್ಳಮಾವಾಸ್ಯೆಯಂದು. ಅಮಾವಾಸ್ಯೆಯಲ್ಲದ ದಿನ ಸೂರ್ಯಗ್ರಹಣವು ಆಗಲಾರದೆಂಬುದನ್ನು ಮಕ್ಕಳು ಈ ಹನ್ನೆರಡಡಿಯ ಅಂಗಳದಲ್ಲಿಯೇ ಸಿದ್ಧಪಡಿಸಿಕೊಳ್ಳಬಲ್ಲರು.

ಕಿತ್ತೂರಿನ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ಕೋಟೆಯೊಳಗಿನ ಅರಮನೆಯ ಅವಶೇಷಗಳಲ್ಲಿ, ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ಗೋಡೆಯಲ್ಲಿಯೇ ಕೂಡಿಸಿದ ಕೊಳವೆಯೊಂದಿದೆ. ರಾಣಿ ಚೆನ್ನಮ್ಮನ ವೀರಗಾಥೆಯನ್ನು ಕೇಳಿ ಆ ಗೋಡೆಗಳನ್ನು ನೋಡಲು ಹೋಗುವ ಶಾಲಾಪ್ರವಾಸಗಳು ಆ ಕೊಳವೆಯ ಮುಂದೆ ಅರೆಗಳಿಗೆ ನಿಂತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಯುಕ್ತ. ಧ್ರುವನಿಗೆ ಸ್ಥಿರವಾದ ಕೊಳವೆ ಸಾಕಾದುದೇಕೆ, ಚಂದ್ರನಿಗೆ ಅಂಥದನ್ನು ಕಟ್ಟಲಾಗದೇಕೆ? ಉತ್ತರ ದಿಕ್ಕಿನಲ್ಲಿ, ಊರಿನ ಅಕ್ಷಾಂಶದಷ್ಟೇ, ಎಂದರೆ ಕಿತ್ತೂರಿನಲ್ಲಿ ಸುಮಾರು ಹದಿನೈದೂವರೆ ಅಂಶದ ಎತ್ತರದಲ್ಲಿ, ಧ್ರುವನು ಕದಲದೆ ನಿಂತಿರುತ್ತಾನೆ. ಚಂದ್ರನು ಸೂರ್ಯನಿಂದ ದಿನಕ್ಕೆ ಹನ್ನೆರಡು ಅಂಶಗಳಷ್ಟು ದೂರ ಸರಿಯುತ್ತಾನೆ. ಆ ಹನ್ನೆರಡು ಅಂಶಗಳ ಅಂತರಕ್ಕೇ ಒಂದು ತಿಥಿಯೆಂದು ಹೆಸರು. ನಕ್ಷತ್ರಗಳ ನಡುವೆಯಾದರೆ ಅವನ ದಿನದ ನಡಿಗೆ ಹದಿಮೂರು ಅಂಶಗಳಿಗೆ ಸ್ವಲ್ಪ ಹೆಚ್ಚು. ಆ ನಡಿಗೆಯ ಅಳತೆಗೆ ಆಕಾಶವನ್ನು ಹಂಚಿದುದರಿಂದ ಇಪ್ಪತ್ತೇಳು ನಕ್ಷತ್ರಗಳಾದವು. ಗೌರೀಹುಣ್ಣಿಮೆಯ ಚಂದ್ರನು ಕೃತ್ತಿಕೆಯ ಗೊಂಚಲಿನ ಬಳಿ ನಿಲ್ಲುವುದರಿಂದಲೇ ಆ ಮಾಸವು ಕಾರ್ತಿಕ. ಪಂಚಾಂಗವೆಂಬುದು ಶುಭಾಶುಭಗಳ ಪಟ್ಟಿಯಷ್ಟೇ ಎಂದು ತಿಳಿದಿರುವ ಮಗುವಿಗೆ, ಅದರ ಒಂದೊಂದು ಅಂಕೆಯೂ ಆಕಾಶದಲ್ಲಿ ನೋಡಿ ತಾಳೆಹಾಕಬಹುದಾದ ಅಳತೆಯೆಂದು ತೋರಿಸಿಕೊಡುವುದು ವಿಜ್ಞಾನದ ಉಪಾಧ್ಯಾಯನ ಕೆಲಸವೇ ಹೌದು.

ಯುಗಾದಿಯ ಚಂದ್ರದರ್ಶನದ ಬಗೆಗೂ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಚೈತ್ರದ ಎಳೆಯ ಚಂದ್ರನು ನಮ್ಮೀ ಸೀಮೆಯಲ್ಲಿ, ಎರಡು ಕೊಂಬುಗಳನ್ನೂ ಮೇಲಕ್ಕೆತ್ತಿಕೊಂಡು ಬಹುಮಟ್ಟಿಗೆ ಅಂಗಾತ ಮಲಗಿದಂತೆ ಕಾಣುತ್ತಾನೆ. ಪುಸ್ತಕದಲ್ಲಿ ಅಚ್ಚಾಗಿರುವ ಎಳೆಯ ಚಂದ್ರನು ಮಾತ್ರ ಪಕ್ಕಕ್ಕೆ ನೆಟ್ಟಗೆ ನಿಂತಿರುತ್ತಾನೆ. ತಾನು ಕಂಡುದು ತಪ್ಪೆಂದು ಮಗುವು ಭಾವಿಸಿ ಪುಸ್ತಕದಂತೆಯೇ ಬರೆದುಕೊಡುತ್ತದೆ. ಆ ಚಿತ್ರವು ಭೂಮಧ್ಯರೇಖೆಯಿಂದ ಬಹುದೂರದ ಉತ್ತರದೇಶಗಳ ಆಕಾಶಕ್ಕೆ ಹೆಚ್ಚು ಒಪ್ಪುವಂಥದು. ಹದಿನಾರನೆಯ ಅಕ್ಷಾಂಶದ ಸಮೀಪದಲ್ಲಿರುವ ನಮಗೆ ಚೈತ್ರದ ಸಂಜೆ ಚಂದ್ರನು ಮುಳುಗಿದ ಸೂರ್ಯನಿಗೆ ನೇರ ಮೇಲೆಯೇ ನಿಲ್ಲುತ್ತಾನಾದ್ದರಿಂದ ಬೆಳಕು ಕೆಳಗಿನಿಂದ ಬರುತ್ತದೆ. ದೀಪಾವಳಿಯ ಬಿದಿಗೆಯಂದು ಅದೇ ಚಂದ್ರನು ಸೂರ್ಯನು ಮುಳುಗಿದೆಡೆಯಿಂದ ಎಡಕ್ಕೆ ಸರಿದಿರುತ್ತಾನಾಗಿ ಓರೆಯಾಗಿ ತೋರುತ್ತಾನೆ. ಕೊಂಬುಗಳ ಈ ಏರಿಳಿತವನ್ನು ನಮ್ಮ ಪೂರ್ವಿಕರು ಅಲಕ್ಷಿಸಲಿಲ್ಲ; ‘ಸೂರ್ಯಸಿದ್ಧಾಂತ’ದಲ್ಲಿ ಶೃಂಗೋನ್ನತಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಮಗುವು ಕಂಡಂತೆ ಬರೆದ ಮಲಗಿದ ಚಂದ್ರನಿಗೆ ಪೂರ್ಣಾಂಕಗಳನ್ನು ಕೊಡಬೇಕು. ಕಣ್ಣು ಕಂಡ ಸತ್ಯವನ್ನು ಮುದ್ರಿತವಾದ ಚಿತ್ರದ ಭಯದಿಂದ ಅಳಿಸಿಹಾಕುವಂತೆ ಮಾಡುವ ಪಾಠವು ವಿಜ್ಞಾನಕ್ಕೆ ನೇರ ವಿರೋಧಿ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿದುದನ್ನು ಈ ತಾಲೂಕುಗಳ ಮಕ್ಕಳೂ ಟಿವಿಯ ಮುಂದೆ ಕುಳಿತು ಕಂಡು ಚಪ್ಪಾಳೆ ತಟ್ಟಿದರು. ಅಂದಿನ ತಿಥಿ ನಿಜಶ್ರಾವಣ ಶುದ್ಧ ಸಪ್ತಮಿ. ಮೋಡವಿಲ್ಲದೆಡೆಯಲ್ಲಿ ಹೊರಗೆ ಬಂದು ತಲೆಯೆತ್ತಿದ್ದರೆ ಅರ್ಧಕ್ಕೆ ಸ್ವಲ್ಪ ಕಡಮೆಯಾದ ಚಂದ್ರನೇ ಎದುರಿಗಿದ್ದನು. ಅವನ ಮೈಮೇಲೆ ಬೆಳಕು ಕತ್ತಲೆಗಳನ್ನು ಬೇರ್ಪಡಿಸುತ್ತಿದ್ದ ಗೆರೆಯೇ ಚಂದ್ರಲೋಕದ ಸೂರ್ಯೋದಯದ ಗೆರೆ. ಅದು ದಾಟಿಹೋಗಿ ಎಳೆಬಿಸಿಲು ಮೂಡಿದ್ದ ನೆಲದಲ್ಲಿಯೇ ವಿಕ್ರಮನು ಕಾಲೂರಿದುದು. ಬಿಸಿಲಿನಿಂದಲೇ ಶಕ್ತಿಯನ್ನು ಪಡೆಯುವ ನೌಕೆಗೆ ಅಲ್ಲಿಯ ಒಂದು ಹಗಲನ್ನು ಪೂರ್ತಿಯಾಗಿ ದೊರಕಿಸಿಕೊಡುವುದಕ್ಕಾಗಿ ವಿಜ್ಞಾನಿಗಳು ಆ ದಿನವನ್ನು ಆರಿಸಿಕೊಂಡರು. ಅಲ್ಲಿಯ ಒಂದು ಹಗಲೆಂದರೆ ಇಲ್ಲಿಯ ಒಂದು ಪಕ್ಷ. ಸೆಪ್ಟೆಂಬರ್ 4ರಂದು ವಿಕ್ರಮನನ್ನು ನಿದ್ರೆಗೊಳಿಸಿದರು. ಗೋಕುಲಾಷ್ಟಮಿಯು ಅದರ ಬೆನ್ನಿಗೇ ಬಂದಿತು. ಸಪ್ತಮಿಯ ಅರ್ಧಚಂದ್ರನಿಂದ ಮತ್ತೊಂದು ಪಕ್ಷದ ಅರ್ಧಚಂದ್ರನವರೆಗೆ, ಹುಣ್ಣಿಮೆಯನ್ನು ನಡುವಿಟ್ಟುಕೊಂಡು, ನಮ್ಮ ನೌಕೆಯು ದುಡಿಯಿತೆಂಬುದನ್ನು ಕ್ಯಾಲೆಂಡರಿನ ಎದುರು ನಿಲ್ಲಿಸಿ ಹೇಳಿದರೆ, ದೇಶದ ಆ ಹೆಮ್ಮೆಯೂ ಅಜ್ಜಿಯ ಹುಣ್ಣಿಮೆಯೂ ಒಂದೇ ಲೆಕ್ಕದವೆಂಬುದು ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತಿದಂತಾಗುವುದು.

ಪಾಠಕ್ಕೆ ಕಾಲವನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಶಾಲೆ ತೆರೆಯುವ ಜ್ಯೇಷ್ಠ, ಆಷಾಢಗಳಲ್ಲಿ ಸಹ್ಯಾದ್ರಿಯ ಮಳೆಮೋಡವು ಕಿತ್ತೂರು, ಬೈಲಹೊಂಗಲಗಳ ಆಕಾಶವನ್ನು ಮುಸುಕಿರುತ್ತದೆ; ಒಣಸೀಮೆಯಾದ ರಾಮದುರ್ಗ, ಸವದತ್ತಿಗಳಲ್ಲಿಯೂ ಮೋಡದ ಕಾಟ ತಪ್ಪದು. ದೀಪಾವಳಿಯ ಅಮಾವಾಸ್ಯೆಯಿಂದ ಹಿಡಿದು ಗೌರೀಹುಣ್ಣಿಮೆಯನ್ನು ದಾಟಿ ಮುಂದಿನ ಅಮಾವಾಸ್ಯೆಯವರೆಗಿನ ಒಂದು ತಿಂಗಳು ಇದಕ್ಕೆ ಹೇಳಿಮಾಡಿಸಿದ ಕಾಲ. ಪಾಡ್ಯದ ಚಂದ್ರನು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಭಾವನ ಬಿದಿಗೆ, ಅಕ್ಕನ ತದಿಗೆಗಳ ಸಂಜೆ ಹುಡುಕಾಟವು ತೊಡಗಲಿ. ಶುಕ್ಲಪಕ್ಷವೆಲ್ಲ ಸಂಜೆಯ ಪಾಠ. ಕೃಷ್ಣಪಕ್ಷದ ಅಷ್ಟಮಿಯಿಂದ ಮುಂದೆ ಬೆಳಗಿನ ಪಾಠ. ನಿದ್ದೆಗೆಡಿಸಿ ಮಕ್ಕಳನ್ನು ನಡುರಾತ್ರಿಯಲ್ಲಿ ಎಬ್ಬಿಸುವ ಅವಶ್ಯಕತೆಯೇ ಇಲ್ಲ.

ನಾಲ್ಕೂ ತಾಲೂಕುಗಳ ಪ್ರಾಥಮಿಕ ಶಾಲೆಗಳ ಗುರುಗಳಲ್ಲಿ, ಗುರುಮಾತೆಯರಲ್ಲಿ ನನ್ನದು ಒಂದೇ ವಿನಂತಿ. ಬರುವ ದೀಪಾವಳಿಯ ರಜೆ ಕಳೆದು ಶಾಲೆ ತೆರೆದ ದಿನ, ಕಪ್ಪುಹಲಗೆಯ ಮೇಲೆ ದಿನಾಂಕದ ಪಕ್ಕದಲ್ಲಿ ತಿಥಿಯನ್ನೂ ಬರೆಯಿರಿ. ಮಕ್ಕಳಿಗೆ ಆ ತಿಂಗಳು ವಿಜ್ಞಾನದ ಮನೆಗೆಲಸವಾಗಿ ಚಂದ್ರನನ್ನಷ್ಟೇ ಕೊಡಿರಿ. ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ಯಾವ ಅಂಚು ಬೆಳಗಿತ್ತು ಎಂಬ ಮೂರು ಮಾತುಗಳನ್ನು ದಿನಕ್ಕೊಂದು ಸಾಲಿನಲ್ಲಿ ಬರೆದು ತರಲಿ. ಮೋಡವಿದ್ದ ದಿನ ‘ಕಾಣಲಿಲ್ಲ’ ಎಂದು ಬರೆಯಲಿ. ಪುಸ್ತಕದ ಆ ಪುಟವನ್ನು ತಿಂಗಳು ತುಂಬಿದ ಮೇಲೆ ತೆರೆಯಿರಿ.